ಸಹಾಯ ಬೇಕು: ಚೀನೀ ವಿದ್ಯಾರ್ಥಿನಿಯ ಇಂಗ್ಲಿಷ್ ಓದು ಮತ್ತು ಪದಾಭ್ಯಾಸ

ಗುಂಪಿನ ಅಧ್ಯಾಪಕ ಮಿತ್ರರಿಗೆ ನಮಸ್ಕಾರ.

ಪತಿಯ ಉದ್ಯೋಗದ ನಿಮಿತ್ತ ಚೀನಾದ ಹಾಂಗ್‌ಝೌನಲ್ಲಿರುವ ನಾನು, ನೆರೆಮನೆಯ ವಿದ್ಯಾರ್ಥಿನಿಯೊಬ್ಬಳಿಗೆ ಇಲ್ಲಿನ ಸಿಇಟಿ-4 ಎಂಬ ಕಾಲೇಜು ಇಂಗ್ಲಿಷ್ ಪರೀಕ್ಷೆಗೆ ಪಾಠ ಹೇಳುತ್ತಿದ್ದೇನೆ (ನಮ್ಮ ಸಿಇಟಿಗೂ ಇದಕ್ಕೂ ಸಂಬಂಧವಿಲ್ಲ). ಒಟ್ಟು 710 ಅಂಕಗಳಲ್ಲಿ ಓದಿನ ಭಾಗಕ್ಕೇ ಶೇ. 35ರಷ್ಟು ಪಾಲಿದ್ದು, ಅದಕ್ಕೆ ಸಿಗುವುದು 40 ನಿಮಿಷ ಮಾತ್ರ.

ಮೊಬೈಲ್‌ನಲ್ಲಿ ಪದಪಟ್ಟಿಯನ್ನು ದಿನವೂ ಉರುಹೊಡೆಯುವ ಆಕೆ, ಬಿಡಿಬಿಡಿಯಾಗಿ ಕೇಳಿದರೆ ಅರ್ಥವನ್ನು ಸರಿಯಾಗಿಯೇ ಹೇಳುತ್ತಾಳೆ. ಆದರೆ ಹದಿನೈದು ಪದಗಳಿಂದ ಆರಿಸಿ ಹತ್ತು ಖಾಲಿ ಜಾಗಗಳನ್ನು ತುಂಬುವ ಪ್ರಶ್ನೆಯಲ್ಲಿ, ಅಲ್ಲಿ ನಾಮಪದ ಬೇಕೋ ಕ್ರಿಯಾವಿಶೇಷಣ ಬೇಕೋ ಎಂಬುದೇ ಹೊಳೆಯುವುದಿಲ್ಲ; ಚೀನೀ ಪದಗಳು ನಮ್ಮವುಗಳಂತೆ ಪ್ರತ್ಯಯ ಹಚ್ಚಿಕೊಂಡು ರೂಪ ಬದಲಿಸುವುದಿಲ್ಲವಾದ್ದರಿಂದ, ಪದದ ಕೊನೆಯನ್ನು ಗಮನಿಸುವ ಅಭ್ಯಾಸವೇ ಆಕೆಗಿಲ್ಲ. ಉದ್ದ ವಾಕ್ಯಗಳದ್ದು ಬೇರೆ ತೊಡಕು. ‘ಗುರುಗಳು ಕೊಟ್ಟ ಪುಸ್ತಕ’ ಎನ್ನುವಾಗ ನಾವು ಇಡುವ ಕ್ರಮವೇ ಚೀನೀ ಭಾಷೆಯಲ್ಲೂ ಇದೆ. ಇಂಗ್ಲಿಷ್‌ನಲ್ಲಿ ಪುಸ್ತಕ ಮೊದಲು, ವಿವರಣೆ ನಂತರ ಬರುವುದರಿಂದ, ಮುಖ್ಯ ಕ್ರಿಯಾಪದ ತಲುಪುವಷ್ಟರಲ್ಲಿ ಕರ್ತೃ ಯಾವುದೆಂಬುದು ಮರೆತಿರುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವರು ಇದೇ ತೊಡಕನ್ನು ಖಂಡಿತ ಕಂಡಿರುತ್ತೀರಿ. ಇಲ್ಲಿ ಕೇಳುತ್ತಿರುವುದೂ ಅದಕ್ಕೇ.

ಇಂಥ ವಾಕ್ಯಗಳನ್ನು ಒಡೆದು ಓದಿಸುವ ಕ್ರಮ, ಒಂದೇ ಮೂಲದ ಪದಗಳನ್ನು ಒಟ್ಟಿಗೆ ಕಲಿಸುವ ಅಭ್ಯಾಸಗಳು, ಮುನ್ನೂರು ಪದಗಳೊಳಗಿನ ಸರಳ ಗದ್ಯಭಾಗಗಳು ನಿಮ್ಮಲ್ಲಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಓದುವಾಗ ಗೊತ್ತಿಲ್ಲದ ಪ್ರತಿ ಪದಕ್ಕೂ ನಿಘಂಟು ತೆರೆಯಲು ಬಿಡಬೇಕೇ, ಬೇಡವೇ ಎಂಬುದನ್ನೂ ತಿಳಿಸಿ. ಪರೀಕ್ಷೆ ಡಿಸೆಂಬರ್‌ನಲ್ಲಿದೆ.