ಹಳೆಯ ಲ್ಯಾಪ್‌ಟಾಪ್ ಕೊಳ್ಳುವುದಾದರೆ ಯಾವುದು? ಬಿಚ್ಚಿ ನೋಡಿದವರು ಹೇಳಿ

ಪ್ರಶ್ನೆ, ಶಿವಮೊಗ್ಗದಿಂದ

ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ದಿನಕ್ಕೆ ಆರೇಳು ಗಂಟೆ ಬೆರಳು ಕೀಲಿಮಣೆಯ ಮೇಲೆಯೇ ಇರುತ್ತದೆ. ಮೂರು ವರ್ಷದ ಹಿಂದೆ ಕೊಂಡ ತೆಳ್ಳನೆಯ ಲ್ಯಾಪ್‌ಟಾಪ್‌ನ ಹಿಂಜ್ ಮುರಿಯಿತು, ಮುರಿಯುವಾಗ ಪರದೆಯ ಒಂದು ಮೂಲೆಯನ್ನೂ ಕಿತ್ತುಕೊಂಡು ಬಂತು. ಮೆಮೊರಿಯನ್ನಾದರೂ ಹೆಚ್ಚಿಸಿಕೊಡಿ ಎಂದರೆ ಅದು ಬೋರ್ಡಿಗೇ ಬೆಸೆದಿದೆಯಂತೆ. ಕೀಬೋರ್ಡ್ ಬದಲಿಸಬೇಕಾದರೆ ಮೇಲಿನ ಭಾಗವನ್ನು ಇಡಿಯಾಗಿ ತರಿಸಬೇಕಂತೆ. ಸಾಕಾಗಿದೆ. ಹತ್ತು ಹದಿನೈದು ವರ್ಷ ಹಳೆಯದಾದರೂ ಚಿಂತೆಯಿಲ್ಲ, ಸ್ಕ್ರೂಡ್ರೈವರ್ ಹಿಡಿದು ನಾನೇ ಬಿಚ್ಚಿ ಸರಿಮಾಡಿಕೊಳ್ಳಬಹುದಾದ ಒಂದು ಯಂತ್ರ ಬೇಕು. ಆಟ, ವಿಡಿಯೊ ಸಂಕಲನ ಯಾವುದೂ ಇಲ್ಲ. ನುಡಿ ತಂತ್ರಾಂಶದ ಕೀಲಿವಿನ್ಯಾಸ ಬಿಟ್ಟರೆ ಬೇರೆ ಕೈಗೆ ಕೂಡುವುದಿಲ್ಲ. ಕೊಂಡು ಬಳಸಿದವರು, ಕೊಂಡು ಕೆಟ್ಟವರು, ಇಬ್ಬರೂ ಹೇಳಿ.

ಬೆಂಗಳೂರಿನಿಂದ, ರಿಪೇರಿ ಕೆಲಸದವರು

ಮೇಡಂ, ಹನ್ನೆರಡು ವರ್ಷ ರಿಪೇರಿ ಮೇಜಿನ ಮುಂದೆ ಕುಳಿತಿದ್ದೇನೆ. ನನ್ನದು ಒಂದೇ ಮಾತು: ಅಪರೂಪದ ಮಾದರಿಯ ಹಿಂದೆ ಬೀಳಬೇಡಿ. ಕಚೇರಿಗಳು ಲೋಡುಗಟ್ಟಲೆ ಕೊಂಡು ಲೋಡುಗಟ್ಟಲೆ ಹೊರಹಾಕಿದ ಮಾದರಿಯನ್ನೇ ಹುಡುಕಿ. ರಿಪೇರಿ ಎಂದರೆ ಬಹುಪಾಲು ಸತ್ತದ್ದರ ಅಂಗ ತೆಗೆದು ಬದುಕಿದ್ದಕ್ಕೆ ಹಾಕುವುದು. ಸತ್ತವು ಹೆಚ್ಚು ಇದ್ದಷ್ಟೂ ನಿಮ್ಮದಕ್ಕೆ ಆಯುಸ್ಸು ಹೆಚ್ಚು. ಹಳೆಯ ಕಂಪ್ಯೂಟರ್ ಅಂಗಡಿಗಳಿರುವ ಇಲ್ಲಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಯಾವ ಮಾದರಿಯ ಹೆಣಗಳು ರಾಶಿ ಬಿದ್ದಿವೆ ನೋಡಿ. ಅದೇ ನಿಮ್ಮ ಮಾದರಿ.

ಕೈಬೆರಳಿನ ಕೆಲಸ ಎಂದಿದ್ದೀರಿ, ಆದ್ದರಿಂದ ಲೆನೊವೊ ಕಂಪನಿಯ 2011ರ ಥಿಂಕ್‌ಪ್ಯಾಡ್ ಟಿ420 ನೋಡಿ. ಚಿಕ್ಕದು ಬೇಕಾದರೆ ಅದೇ ವರ್ಷದ ಎಕ್ಸ್220. ಏಳು ಸಾಲಿನ ಹಳೆಯ ಕೀಬೋರ್ಡ್ ಸಾಮಾನ್ಯ ಮಾದರಿಗಳಲ್ಲಿ ಕೊನೆಯದಾಗಿ ಬಂದದ್ದು ಆ ಪೀಳಿಗೆಯಲ್ಲಿ. ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ಎಲ್ಲಕ್ಕೂ ಬೇರೆಬೇರೆ ಕೀಲಿ ಇವೆ. ಡಿಲೀಟ್ ಕೀಲಿ ಎರಡು ಕೀಲಿಯಷ್ಟು ಎತ್ತರ. ಕರಡು ತಿದ್ದುವವರಿಗೆ ಇದಕ್ಕಿಂತ ಬೇಕೆ? ಟಿ420, ಟಿ520, ಎಕ್ಸ್220 ಮೂರಕ್ಕೂ ಒಂದೇ ಕೀಬೋರ್ಡ್ ಹೊಂದುತ್ತದೆ. ಹಾಗಾಗಿ ಯಾವ ಹೆಣದಿಂದ ಕಳಚಿದರೂ ನಡೆಯುತ್ತದೆ.

ಕಳಚುವುದು ಹೀಗೆ: ಯಂತ್ರ ಆರಿಸಿ, ಬ್ಯಾಟರಿ ತೆಗೆದು, ಮಗುಚಿ ಹಾಕಿ. ತಳದಲ್ಲಿ ಪುಟ್ಟ ಕೀಬೋರ್ಡಿನ ಗುರುತಿರುವ ಸ್ಕ್ರೂಗಳನ್ನು ಬಿಚ್ಚಿ. ಮತ್ತೆ ನೇರ ಮಾಡಿ ಇಡೀ ಕೀಬೋರ್ಡನ್ನು ಪರದೆಯ ಕಡೆಗೆ ಸ್ವಲ್ಪ ತಳ್ಳಿದರೆ ಮುಂಭಾಗದ ಅಂಚು ತಾನಾಗಿ ಮೇಲೆ ಬರುತ್ತದೆ. ಎಳೆಯಬೇಡಿ, ಕೆಳಗೆ ಒಂದು ಕೇಬಲ್ ಇದೆ. ಕನೆಕ್ಟರನ್ನು ಉಗುರಿನಿಂದ ಎಬ್ಬಿಸಿದರೆ ಮುಗಿಯಿತು. ಮೊದಲ ಸಲ ಹತ್ತು ನಿಮಿಷ ಹಿಡಿಯಬಹುದು, ಎರಡನೆಯ ಸಲಕ್ಕೆ ಮೂರು. ಯಾವ ಸ್ಕ್ರೂ ಎಲ್ಲಿಯದು, ಎಷ್ಟು ಉದ್ದದ್ದು ಎಂಬುದೂ ಕಂಪನಿಯ ಸರ್ವಿಸ್ ಕೈಪಿಡಿಯಲ್ಲಿ ಚಿತ್ರಸಮೇತ ಇದೆ, ಉಚಿತವಾಗಿ ಸಿಗುತ್ತದೆ. ಬಿಡಿಭಾಗಗಳ ಮೇಲೆ ಎಫ್‌ಆರ್‌ಯು ಎಂಬ ಸಂಖ್ಯೆ ಇರುತ್ತದೆ. ಅಂಗಡಿಯಲ್ಲಿ ಆ ಸಂಖ್ಯೆ ಹೇಳಿ ಕೇಳಿ, ಮಾದರಿಯ ಹೆಸರು ಹೇಳಿದರೆ ಯಾವುದನ್ನಾದರೂ ಕೈಗಿಡುತ್ತಾರೆ.

ಟಿ420ರಲ್ಲಿ ಪ್ರೊಸೆಸರ್ ಕೂಡ ಸಾಕೆಟ್‌ನಲ್ಲಿ ಕೂತಿದೆ, ಎಕ್ಸ್220ರಲ್ಲಿ ಬೆಸೆದಿದೆ. ಎರಡರಲ್ಲೂ ಮೆಮೊರಿಗೆ ಎರಡು ಜಾಗ ಇವೆ, 16 ಜಿಬಿವರೆಗೆ ನಡೆಯುತ್ತದೆ. ಟಿ420 ಎರಡು ಬಗೆಯಲ್ಲಿ ಬಂದಿತ್ತು, ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದ್ದನ್ನೇ ತೆಗೆದುಕೊಳ್ಳಿ. ನಿಮಗೆ ಅದರಿಂದ ಸಿಗುವುದು ಬಿಸಿ ಮಾತ್ರ.

ಇನ್ನು ಎಚ್ಚರಿಕೆ. ಅಂಗಡಿಯಲ್ಲಿ ಯಂತ್ರ ಹೊತ್ತಿಸಿದ ಕೂಡಲೇ ಎಫ್1 ಒತ್ತಿ ಬಯೋಸ್‌ಗೆ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟಕ್ಕೆ, ಹೋಗಿ. ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಸೂಪರ್‌ವೈಸರ್ ಪಾಸ್‌ವರ್ಡ್ ಬೋರ್ಡಿನ ಚಿಪ್ಪಿನಲ್ಲಿ ಉಳಿದಿರುತ್ತದೆ, ನಾಣ್ಯದಂಥ ಸೆಲ್ ತೆಗೆದಿಟ್ಟರೂ ಅಳಿಯುವುದಿಲ್ಲ. "ಅದೇನೂ ಆಗುವುದಿಲ್ಲ, ಬೇಕಾದಾಗ ತೆಗೆಸಿಕೊಡುತ್ತೇವೆ" ಎನ್ನುವವರ ಮಾತಿಗೆ ಬೆಲೆ ಕೊಡಬೇಡಿ. ಹಿಂಜ್, ಪರದೆ, ಫ್ಯಾನ್, ಕೀಬೋರ್ಡ್ ಎಲ್ಲವನ್ನೂ ನೀವೇ ಬದಲಿಸಬಹುದು. ಬೋರ್ಡಿನದು ಮಾತ್ರ ನಿಮ್ಮ ಕೈ ಮೀರಿದ ಕೆಲಸ. ಆದ್ದರಿಂದ ಅಂಗಡಿಯಲ್ಲಿ ಪರೀಕ್ಷೆಯೆಲ್ಲ ಬೋರ್ಡಿನ ಮೇಲೇ ನಡೆಯಲಿ: ಎಲ್ಲ ಯುಎಸ್‌ಬಿ ಕಿಂಡಿಗಳು, ಚಾರ್ಜಿಂಗ್, ವೈಫೈ, ಎರಡೂ ಮೆಮೊರಿ ಜಾಗ. ಮೈಮೇಲಿನ ಗೀರಿಗೆ ಚೌಕಾಶಿ ಮಾಡಿ, ಆದರೆ ಗೀರಿದೆಯೆಂದು ಬೇಡ ಎನ್ನಬೇಡಿ.

ಹುಬ್ಬಳ್ಳಿಯಿಂದ

ಮೇಲಿನವರು ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ಅಂಗಡಿಯವರು "ಅದಕ್ಕಿಂತ ಹೊಸದು, ಅದೇ ಬೆಲೆ" ಎಂದು 2012ರ ಟಿ430 ಅಥವಾ ಎಕ್ಸ್230 ತೋರಿಸುತ್ತಾರೆ. ಯಂತ್ರ ಕೆಟ್ಟದ್ದಲ್ಲ. ಆದರೆ ಆ ಪೀಳಿಗೆಯಿಂದ ಕೀಬೋರ್ಡ್ ಆರು ಸಾಲಿನದು, ಜೊತೆಗೆ ಕಂಪನಿಯದಲ್ಲದ ಬ್ಯಾಟರಿಯನ್ನು ಅದು ಒಪ್ಪುವುದಿಲ್ಲ. ನಾನು ವಿಚಾರಿಸದೆ ಬೇರೆ ಕಂಪನಿಯ ಬ್ಯಾಟರಿ ತಂದು, ಚಾರ್ಜೇ ಆಗದೆ, ಆರು ತಿಂಗಳು ವಯರಿಗೆ ಕಟ್ಟಿಹಾಕಿದ ಕರುವಿನಂತೆ ಬಳಸಿದೆ. ಇಷ್ಟು ಹಳೆಯ ಯಂತ್ರಕ್ಕೆ "ಹೊಚ್ಚಹೊಸ ಅಸಲಿ ಬ್ಯಾಟರಿ" ಎಂದರೂ ಸ್ವಲ್ಪ ಯೋಚಿಸಿ. ಡಬ್ಬಿ ಒಡೆಯದೆ ಇಟ್ಟಿದ್ದರೂ ಒಳಗಿನ ಸೆಲ್‌ಗಳಿಗೆ ವಯಸ್ಸಾಗಿರುತ್ತದೆ.

ಉಡುಪಿಯಿಂದ

ನಿಮ್ಮ ಊರಿನಲ್ಲೂ ಮಳೆ ಕಡಿಮೆಯೇನಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹಳೆಯ ಯಂತ್ರವನ್ನು ಆಷಾಢದಲ್ಲಿ ತಿಂಗಳುಗಟ್ಟಲೆ ಬೀರುವಿನಲ್ಲಿ ಮುಚ್ಚಿಡಬೇಡಿ. ನನ್ನ ಒಂದು ಲ್ಯಾಪ್‌ಟಾಪ್ ಹಾಗೆ ಇಟ್ಟು ತೆಗೆದಾಗ ಮೆಮೊರಿಯ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ಒತ್ತಿದರೆ ಬರೀ ಬೀಪ್ ಶಬ್ದ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿದೆ. ಎದ್ದು ನಿಂತಿತು. ಇನ್ನೊಂದಕ್ಕೆ ಇರುವೆ ಸಂಸಾರ ಹೂಡಿತ್ತು, ಆ ಕಥೆ ಬೇಡ. ವಾರಕ್ಕೊಮ್ಮೆಯಾದರೂ ಹೊತ್ತಿಸಿ ಒಂದು ಗಂಟೆ ಬಿಸಿಯಾಗಲು ಬಿಡಿ.

ಹೊತ್ತಿಸಿದಾಗ "ಫ್ಯಾನ್ ಎರರ್" ಎಂದು ಬರೆದು ಆರಿಹೋದರೆ ಹೆದರಬೇಡಿ. ಥಿಂಕ್‌ಪ್ಯಾಡ್‌ಗಳು ಫ್ಯಾನ್ ತಿರುಗದಿದ್ದರೆ ಹೀಗೆ ತಾವೇ ನಿಲ್ಲುತ್ತವೆ. ಧೂಳು ತೆಗೆದು ನೋಡಿ, ಆಗಲಿಲ್ಲವೆಂದರೆ ಫ್ಯಾನ್ ಬದಲಿಸಿ, ಪ್ರೊಸೆಸರಿನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ.

ಪುಣೆಯಲ್ಲಿರುವ ಕನ್ನಡಿಗರು

ನಾನು ಸ್ವಲ್ಪ ವಿರೋಧ ಪಕ್ಷ. ಹದಿನೈದು ವರ್ಷದ ಯಂತ್ರ ಎಂದರೆ ಪ್ರೀತಿ ಬೇರೆ, ಅನ್ನ ಕೊಡುವ ಕೆಲಸ ಬೇರೆ. ಟಿ420ಯಲ್ಲಿ ಯೂಟ್ಯೂಬ್ ಬಳಸುವ ವಿಪಿ9 ಎಂಬ ಬಗೆಯ ವಿಡಿಯೊಗೆ ಚಿಪ್ಪಿನ ನೆರವಿಲ್ಲ, ಎಲ್ಲ ಭಾರ ಪ್ರೊಸೆಸರ್ ಮೇಲೆಯೇ. ಅದರ ಸಾಮಾನ್ಯ ಪರದೆಯ ಬಣ್ಣ, ಕೋನ ಎರಡೂ ಸಾಧಾರಣ. ದಿನವಿಡೀ ಒತ್ತಕ್ಷರ ನೋಡುವವರ ಕಣ್ಣನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2018ರ ಟಿ480 ನೋಡಿ: ಹಿಂದಿನ ಬ್ಯಾಟರಿ ಕೈಯಲ್ಲೇ ಕಳಚಬಹುದು, ಒಳಗೆ ಇನ್ನೊಂದಿದೆ, ಮೆಮೊರಿಗೆ ಎರಡು ಜಾಗ, ವಿಂಡೋಸ್ 11 ಕೂಡ ನಡೆಯುತ್ತದೆ. ಕೊಂಡ ದಿನವೇ ಯುಎಸ್‌ಬಿ-ಸಿ ಕಿಂಡಿಯ ಹಿಂದಿರುವ ಥಂಡರ್‌ಬೋಲ್ಟ್ ಚಿಪ್ಪಿನ ಒಳತಂತ್ರಾಂಶ (ಫರ್ಮ್‌ವೇರ್) ನವೀಕರಿಸಿ, ಹಳೆಯ ಆವೃತ್ತಿಯ ದೋಷಕ್ಕೆ ಆ ಕಿಂಡಿ ಬಲಿಯಾಗುತ್ತದೆ.

ಮ್ಯಾಕ್ ಇಷ್ಟವಾದರೆ 2012ರ 13 ಇಂಚಿನ, ರೆಟಿನಾ ಪರದೆಯಿಲ್ಲದ ಮ್ಯಾಕ್‌ಬುಕ್ ಪ್ರೊ. ಮೆಮೊರಿ, ಡಿಸ್ಕ್ ಎರಡನ್ನೂ ಬದಲಿಸಬಹುದಾದ ಕೊನೆಯದು ಅದೇ. ಅದರ ಡಿಸ್ಕಿನ ಕೇಬಲ್ ಆಗಾಗ ಕೈಕೊಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಮೈಸೂರಿನಿಂದ

ನುಡಿಯ ವಿಷಯ ಯಾರೂ ಎತ್ತಲಿಲ್ಲ. ಟಿ420ಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಿ. ಕನ್ನಡ ಗಣಕ ಪರಿಷತ್ತಿನ (ಕಗಪ) ವಿನ್ಯಾಸ, ಅಂದರೆ ನೀವು ನುಡಿಯಲ್ಲಿ ಬಳಸುವ ಅದೇ ವಿನ್ಯಾಸ, ಅದರ ಕೀಬೋರ್ಡ್ ಪಟ್ಟಿಯಲ್ಲೇ ಇದೆ, ಹುಡುಕಿ ಆಯ್ದುಕೊಂಡರೆ ಸಾಕು. ಪ್ರಕಾಶಕರು ಇನ್ನೂ ಹಳೆಯ ನುಡಿ ಫಾಂಟಿನ ಕಡತಗಳನ್ನೇ ಕಳಿಸುತ್ತಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಪರಿವರ್ತಿಸಿದ ಮೇಲೆ ಅರ್ಕಾವೊತ್ತುಗಳನ್ನು ಕಣ್ಣಾರೆ ನೋಡಿ. ಲಿನಕ್ಸ್ ಇರುವ ಪೆನ್‌ಡ್ರೈವ್ ಒಂದನ್ನು ಅಂಗಡಿಗೇ ಒಯ್ದರೆ ಪರೀಕ್ಷೆಗೂ ಅದೇ ಆಗುತ್ತದೆ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿಗೆ ಹೋಗಿ ಬಂದೆ. ಪುಣೆಯವರ ಮಾತು ಮನಸ್ಸಿನಲ್ಲಿತ್ತು, ಟಿ480ರ ಮೇಲೆ ನಾಲ್ಕು ಸಾಲು ಟೈಪ್ ಮಾಡಿಯೂ ನೋಡಿದೆ. ಆಮೇಲೆ ಟಿ420ರ ಮೇಲೆ ಬೆರಳಿಟ್ಟೆ, ತೀರ್ಮಾನ ಅಲ್ಲೇ ಆಯಿತು. ಕಣ್ಣಿಗೆ ಮನೆಯಲ್ಲಿರುವ ದೊಡ್ಡ ಮಾನಿಟರ್ ಜೋಡಿಸಿಕೊಂಡಿದ್ದೇನೆ. ಮೊದಲು ತೋರಿಸಿದ ಯಂತ್ರ ಎಫ್1 ಒತ್ತಿದೊಡನೆ ಪಾಸ್‌ವರ್ಡ್ ಕೇಳಿತು. ಅಂಗಡಿಯವರು ನೀವು ಬರೆದ ವಾಕ್ಯವನ್ನೇ ಒಂದಕ್ಷರ ಬಿಡದೆ ಹೇಳಿದರು, ನಗು ತಡೆದುಕೊಂಡೆ. ಎರಡನೆಯದನ್ನು ಕೊಂಡೆ. ಜೊತೆಗೆ ಹೊತ್ತದ ಇನ್ನೊಂದನ್ನೂ ಬಿಡಿಭಾಗಕ್ಕೆಂದು ತಂದೆ. ಅದರ ಕೀಬೋರ್ಡ್ ಚೆನ್ನಾಗಿತ್ತು, ಬದಲಿಸಿಕೊಂಡೆ. ಹತ್ತು ನಿಮಿಷವಲ್ಲ, ಮುಕ್ಕಾಲು ಗಂಟೆ ಹಿಡಿಯಿತು.

ಒಂದೇ ತೊಂದರೆ: ಬ್ಯಾಟರಿ ತೆಗೆದು ಚಾರ್ಜರ್ ಕಿತ್ತರೆ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ.

ಬೆಂಗಳೂರಿನ ರಿಪೇರಿಯವರು

ಒಳಗಿನ ನಾಣ್ಯದ ಸೆಲ್ ಮುಗಿದಿದೆ ಮೇಡಂ. ಸಿಆರ್2032, ಆದರೆ ಎರಡು ವಯರ್ ಮತ್ತು ಕನೆಕ್ಟರ್ ಇರುವಂಥದ್ದನ್ನೇ ಕೇಳಿ ತನ್ನಿ. ಸಾದಾ ಸೆಲ್‌ಗೆ ನೀವೇ ಬೆಸುಗೆ ಹಾಕಲು ಹೋಗಬೇಡಿ, ಬಿಸಿಗೆ ಅದು ಸಿಡಿಯಬಹುದು. ಹೊತ್ತದ ಯಂತ್ರದಲ್ಲೂ ಒಂದು ಇರುತ್ತದೆ, ಮೂರು ವೋಲ್ಟ್ ತೋರಿಸುತ್ತದೆಯೇ ಎಂದು ಮೊದಲು ಅದನ್ನೇ ಅಳೆದು ನೋಡಿ.