ಫ್ಲೇಕ್8 ಹಾಕಿದ ಮೇಲೆ ಎಲ್ಲ ಕಮಿಟ್‌ಗಳೂ ಕೆಂಪು

ಅಲ್ಪವಿರಾಮ:
ನಾವು ಐದು ಜನ. ಹಾಲಿನ ಸಂಘಗಳ ಲೆಕ್ಕಕ್ಕೆಂದು ಬರೆದ ನಮ್ಮ ಪೈಥಾನ್ ಕೋಡ್‌ಗೆ ಈಗ ಆರು ವರ್ಷ. ರಿವ್ಯೂಗೆ ಕುಳಿತರೆ ಉದ್ಧರಣ ಚಿಹ್ನೆ ಒಂಟಿಯೋ ಜೋಡಿಯೋ ಎಂಬ ಜಗಳದಲ್ಲೇ ಅರ್ಧ ಗಂಟೆ ಹೋಗುತ್ತದೆ. ಹೋದ ತಿಂಗಳು ಬಡ್ಡಿ ಲೆಕ್ಕದ ನಿಜವಾದ ತಪ್ಪೊಂದು ಈ ಗಲಾಟೆಯಲ್ಲಿ ಯಾರ ಕಣ್ಣಿಗೂ ಬೀಳದೆ ದಾಟಿತು. ರೋಸಿಹೋಗಿ, ಪ್ರತಿ ಕಮಿಟ್ ಅನ್ನು (ಗಿಟ್‌ನಲ್ಲಿ ದಾಖಲಾಗುವ ಬದಲಾವಣೆ) ತಾನಾಗಿ ಪರೀಕ್ಷಿಸುವ ಸಿಐನಲ್ಲಿ, ಕೋಡಿನ ಶೈಲಿಯ ತಪ್ಪು ಹಿಡಿಯುವ ಫ್ಲೇಕ್8 ಕೂರಿಸಿದೆ. ಮೊದಲ ದಿನವೇ 4,112 ದೂರು! ಈಗ ಫೇಲ್ ಎನ್ನುವ ಕೆಂಪು ಬಣ್ಣವನ್ನು ಯಾರೂ ತಿರುಗಿಯೂ ನೋಡುವುದಿಲ್ಲ. ಕೋಡನ್ನು ತಾನಾಗಿ ಒಂದೇ ಶೈಲಿಗೆ ತರುವ ಬ್ಲ್ಯಾಕ್ ಓಡಿಸಿ ಒಮ್ಮೆಗೇ ಸರಿಪಡಿಸೋಣವೆಂದರೆ ತಂಡದ ಹಿರಿಯರು, "ಗಿಟ್ ಬ್ಲೇಮ್ ತೆರೆದರೆ ಸಾಲುಸಾಲಿಗೂ ನಿನ್ನದೇ ಹೆಸರು ಬರುತ್ತದೆ" ಎನ್ನುತ್ತಾರೆ. ಮಾತು ಸುಳ್ಳಲ್ಲ, ಪ್ರತಿ ಸಾಲನ್ನು ಕೊನೆಗೆ ಬದಲಿಸಿದವರ ಹೆಸರನ್ನೇ ಬ್ಲೇಮ್ ತೋರಿಸುತ್ತದೆ. ಇನ್ನೊಂದು ತಲೆನೋವು: ಕನ್ನಡ ಸಂದೇಶವಿರುವ ಸಾಲು ಗಿಡ್ಡವಾಗಿ ಕಂಡರೂ 79 ಅಕ್ಷರಗಳ ಮಿತಿ ದಾಟಿದೆ ಎನ್ನುತ್ತದೆ ಫ್ಲೇಕ್8. ಏಕೆ?

ಹಳೆಯ ಕೊಡಲಿ:
ಒಮ್ಮೆಗೇ ಮಾಡಿ, ಆದರೆ ಆ ಕಮಿಟ್‌ನಲ್ಲಿ ಕೈಯಿಂದ ತಿದ್ದಿದ ಒಂದಕ್ಷರವೂ ಇರಬಾರದು. ಅದರ ಹ್ಯಾಷನ್ನು (ಕಮಿಟ್‌ನ ಗುರುತಿನ ಸಂಖ್ಯೆ) '.ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್' ಎಂಬ ಕಡತದಲ್ಲಿ ಬರೆದಿಡಿ. ಪ್ರತಿಯೊಬ್ಬರೂ ತಮ್ಮ ಗಿಟ್ ಸೆಟ್ಟಿಂಗ್‌ನಲ್ಲಿ ಆ ಕಡತವನ್ನು ಸೂಚಿಸಬೇಕು. ಬ್ಲೇಮ್ ಆ ಕಮಿಟ್ ದಾಟಿ ಹಿಂದಿನ ಹೆಸರನ್ನು ತೋರಿಸುತ್ತದೆ. 2019ರ ಗಿಟ್ 2.23ರಿಂದ ಈ ಅನುಕೂಲವಿದೆ. ಬ್ಲ್ಯಾಕ್‌ನ ಸಾಲಿನ ಮಿತಿ 88. ಫ್ಲೇಕ್8ಗೂ ಅದನ್ನೇ ಕೊಡಿ, ಇಲ್ಲವಾದರೆ ಅತ್ತೆ ಸೊಸೆಯರಂತೆ ಒಂದು ಮಾಡಿದ್ದನ್ನು ಇನ್ನೊಂದು ಆಕ್ಷೇಪಿಸುತ್ತದೆ. ಕಮಿಟ್ ಮಾಡುವ ಮೊದಲೇ ಅವರವರ ಕಂಪ್ಯೂಟರಿನಲ್ಲಿ ಪರೀಕ್ಷಿಸುವ ಪ್ರಿ-ಕಮಿಟ್ ಕೂಡ ಹಾಕಿ. ಅದನ್ನು '--ನೋ-ವೆರಿಫೈ' ಎಂದು ತಪ್ಪಿಸಿಕೊಳ್ಳಬಹುದು, ಹಾಗಾಗಿ ಸಿಐ ಕಾವಲನ್ನು ತೆಗೆಯಬೇಡಿ. ಇದಕ್ಕೆಲ್ಲ ಮೊದಲು, ಬೇರೆಬೇರೆ ಕೆಲಸಕ್ಕೆಂದು ತೆರೆದಿರುವ ಬ್ರಾಂಚ್‌ಗಳನ್ನೆಲ್ಲ ಮುಖ್ಯ ಕೋಡಿಗೆ ಸೇರಿಸಿ ಮುಗಿಸಿ. ನಾನು ಮೂರನ್ನು ಮರೆತು, ಒಂದು ಶನಿವಾರವಿಡೀ ಮರ್ಜ್ ಗೋಜಲು ಬಿಡಿಸುತ್ತ ಕುಳಿತಿದ್ದೆ.

ಎಣಿಕೆಗಾರ್ತಿ:
ಕನ್ನಡದ ಸಮಸ್ಯೆಗೆ: 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಫ್ಲೇಕ್8 ಎಣಿಸುವುದು ಯೂನಿಕೋಡ್ ಸಂಕೇತಗಳನ್ನು: ಸ, ವಿರಾಮ (ಅರ್ಧಾಕ್ಷರದ ಗುರುತು), ತ, ವಿರಾಮ, ರ, ದೀರ್ಘ ಇ ಗುಣಿತ. ಒಟ್ಟು ಆರು. ಒತ್ತಕ್ಷರ ಹೆಚ್ಚಿದಷ್ಟೂ ದಂಡ! ಬ್ಲ್ಯಾಕ್ ಕೂಡ ಉದ್ದನೆಯ ಸ್ಟ್ರಿಂಗನ್ನು ತಾನಾಗಿ ಮುರಿಯುವುದಿಲ್ಲ. ಸಂದೇಶಗಳನ್ನೆಲ್ಲ ಒಂದೇ ಕಡತಕ್ಕೆ ಸಾಗಿಸಿ, ಫ್ಲೇಕ್8ರ 'ಪರ್-ಫೈಲ್-ಇಗ್ನೋರ್ಸ್' ಸೆಟ್ಟಿಂಗ್‌ನಲ್ಲಿ ಅದಕ್ಕೆ ಮಾತ್ರ ಸಾಲಿನ ಉದ್ದದ ಇ501 ನಿಯಮದಿಂದ ವಿನಾಯಿತಿ ಕೊಡಿ. ಇಡೀ ಪ್ರಾಜೆಕ್ಟ್‌ಗೆ ಆ ನಿಯಮ ತೆಗೆಯುವುದು ಸೋಮಾರಿತನ.

ಅಲ್ಪವಿರಾಮ:
ಶುಕ್ರವಾರ ಸಂಜೆ ಮುಗಿಸಿದೆ. 214 ಕಡತಗಳು ಬದಲಾದವು. ಉಳಿದಿರುವ ದೂರುಗಳು 37, ಅವುಗಳಲ್ಲಿ ಹೆಚ್ಚಿನವು ಬಳಸದ ಇಂಪೋರ್ಟ್‌ಗಳು. ಬ್ಲೇಮ್ ಸರಿಯಿದೆಯೇ ಎಂದು ಹಿರಿಯರು ಮೊದಲು ತೆರೆದದ್ದು ಬಡ್ಡಿ ಲೆಕ್ಕದ ಕಡತವನ್ನೇ. ಅಲ್ಲಿ ಈಗಲೂ ನನ್ನದೇ ಹೆಸರಿದೆ. ಅದನ್ನು ಬರೆದದ್ದು ನಾನೇ.