‘ಟ್ರಿಮ್’: ಗಡ್ಡದ್ದಲ್ಲ, ಜೆಟ್ ಸ್ಕೀದು. ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಹಿಂದೆ ಬಿದ್ದು ಎರಡು ವಾರ ಆಯಿತು. ಪದ ‘ಟ್ರಿಮ್’. ಗಡ್ಡದ ಟ್ರಿಮ್ ಅಲ್ಲ, ಬೇಲಿಗಿಡದ್ದೂ ಅಲ್ಲ. ನೀರಿನ ಮೇಲೆ ಬೈಕಿನ ಹಾಗೆ ಓಡಿಸುವ ಜೆಟ್ ಸ್ಕೀ ಇದೆಯಲ್ಲ, ಅದರದ್ದು.

ನಾನಿರುವುದು ಕೆನಡಾದ ಒಂಟಾರಿಯೋದಲ್ಲಿ, ಸಿಮ್ಕೋ ಅನ್ನುವ ದೊಡ್ಡ ಕೆರೆಯ ಹತ್ತಿರ. ಚಳಿಗಾಲದಲ್ಲಿ ಜನ ಅದರ ಮಂಜುಗಡ್ಡೆ ಕೊರೆದು ಮೀನು ಹಿಡಿಯುತ್ತಾರೆ, ಬೇಸಿಗೆಯಲ್ಲಿ ಅದೇ ನೀರಿನ ಮೇಲೆ ಇಂಥ ಗಾಡಿ ಬಿಡುತ್ತಾರೆ. ನನ್ನದು 1997ರ ಮಾಡೆಲ್ಲು, ಕೈ ಬದಲಾಗಿ ಬದಲಾಗಿ ನನ್ನ ಹತ್ತಿರ ಬಂದದ್ದು. ಯಾವ ಕಂಪನಿಯದು ಅನ್ನುವುದು ಬೇಡ, ಅಷ್ಟು ವಯಸ್ಸಾದರೆ ಯಾರದ್ದಾದರೂ ಕೆಡುತ್ತದೆ. ಕೆಟ್ಟಿದ್ದು ಟ್ರಿಮ್. ಮೇ ತಿಂಗಳಲ್ಲಿ ನಾನೇ ಬಿಚ್ಚಿ ಸರಿ ಮಾಡಿದೆ, ಜಂಬಕ್ಕೆ ಎರಡು ಫೋಟೋ ಮನೆಯವರ ಗ್ರೂಪಿಗೆ ಹಾಕಿದೆ. ಕುಂದಾಪುರದಿಂದ ಭಾವನ ಫೋನು. ಅವರ ಗೆಳೆಯರೊಬ್ಬರ ಹತ್ತಿರವೂ ಅಂಥದ್ದೇ ಹಳೇದೊಂದು ಇದೆಯಂತೆ. “ಮೂತಿ ಎತ್ಕಂಡೇ ನಿಂತಿದೆ ಮಾರಾಯ, ಇಳಿಯೂದೇ ಇಲ್ಲ. ನೀನು ಮಾಡಿದ್ದನ್ನು ಕನ್ನಡದಲ್ಲಿ ಬರೆದು ಕಳಿಸು, ಅಲ್ಲಿನ ಹುಡುಗರು ಓದಿ ಮಾಡ್ತಾರೆ” ಅಂದರು.

ಬರೆಯುವುದು ಸುಲಭ ಅಂದುಕೊಂಡೆ. ಮೊದಲ ಸಾಲಿಗೇ ಎಡವಿದೆ. “ಟ್ರಿಮ್ ಮೋಟರನ್ನು ಬಿಚ್ಚಿ” ಅಂತ ಬರೆದಿದ್ದೆ. ಭಾವ ಕೇಳಿದರು, “ಯಾವ ಟ್ರಿಮ್ಮರ್? ನಾನು ಗಡ್ಡದ್ದು ಕೇಳಲಿಲ್ಲ.” ತಪ್ಪು ಅವರದ್ದಲ್ಲ. ನಮ್ಮಲ್ಲಿ ಟ್ರಿಮ್ ಅಂದರೆ ಕತ್ತರಿಸಿ ಒಪ್ಪ ಮಾಡುವುದು, ಇಲ್ಲದಿದ್ದರೆ ‘ಟ್ರಿಮ್ಮಾಗಿದ್ದಾನೆ’ ಅಂದಾಗ ಬರುವ ಅರ್ಥ. ಮೂರನೆಯದು ಇನ್ನೂ ಕನ್ನಡಕ್ಕೆ ಬಂದಿಲ್ಲ. ಇಂಗ್ಲಿಷಿನಲ್ಲಿ ಈ ಪದ ಹುಟ್ಟಿದ್ದು ಗಟ್ಟಿ ಮಾಡು, ಸಜ್ಜು ಮಾಡು ಅನ್ನುವ ಹಳೇ ಅರ್ಥದಿಂದ, ಕತ್ತರಿ ಬಂದದ್ದು ಆಮೇಲೆ. ಹಡಗಿನವರು ಆ ಸಜ್ಜು ಮಾಡುವ ಅರ್ಥವನ್ನೇ ಹಿಡಿದುಕೊಂಡರು: ದೋಣಿಯ ಮುಂದಿನ ತುದಿ, ಹಿಂದಿನ ತುದಿ ಎರಡೂ ನೀರಿನಲ್ಲಿ ಹೇಗೆ ಕೂತಿವೆ, ಎಷ್ಟು ಕೂರಬೇಕು ಅನ್ನುವುದು ಅವರ ಟ್ರಿಮ್.

ಜೆಟ್ ಸ್ಕೀಯಲ್ಲಿ ಇದು ಕೆಲಸ ಮಾಡುವ ರೀತಿ ಹೀಗೆ. ಹೊಟ್ಟೆಯ ಕೆಳಗಿಂದ ನೀರನ್ನು ಎಳೆದು ಹಿಂದಿನ ನಳಿಗೆಯಿಂದ ರಭಸವಾಗಿ ಉಗುಳುತ್ತದೆ, ಆ ಒತ್ತಡಕ್ಕೇ ಗಾಡಿ ಮುಂದೆ ಓಡುವುದು. ಹ್ಯಾಂಡಲ್ ತಿರುಗಿಸಿದರೆ ನಳಿಗೆ ಎಡಕ್ಕೆ ಬಲಕ್ಕೆ ಆಡುತ್ತದೆ. ಟ್ರಿಮ್ ಇರುವ ಗಾಡಿಯಲ್ಲಿ ಅದು ಮೇಲೆ ಕೆಳಗೂ ಆಡುತ್ತದೆ. ನಳಿಗೆ ಮೇಲೆದ್ದರೆ ಹಿಂಭಾಗ ಅದುಮಿಕೊಂಡು ಮೂತಿ ಏಳುತ್ತದೆ, ನಳಿಗೆ ತಗ್ಗಿದರೆ ಮೂತಿ ನೀರಿಗೆ ಕೂರುತ್ತದೆ. ನೀರು ಕನ್ನಡಿಯ ಹಾಗಿದ್ದು ಜೋರಾಗಿ ಹೋಗಬೇಕಾದರೆ ಸ್ವಲ್ಪ ಎತ್ತಬೇಕು, ಅಲೆ ಜಾಸ್ತಿ ಇದ್ದರೆ, ಬಿಗಿಯಾಗಿ ತಿರುಗಬೇಕಾದರೆ ಇಳಿಸಬೇಕು. ಅತಿಯಾಗಿ ಎತ್ತಿದಿರೋ, ಗುಂಡಿ ರಸ್ತೆಯಲ್ಲಿ ಹೋಗುವ ಖಾಲಿ ಗಾಡಿಯ ಹಾಗೆ ಎತ್ತಿ ಎತ್ತಿ ಕುಕ್ಕುತ್ತದೆ. ಇದನ್ನೆಲ್ಲ ಎಡಗೈ ಹತ್ತಿರದ ಒಂದು ಗುಂಡಿ, ಒಂದು ಸಣ್ಣ 12 ವೋಲ್ಟ್ ಮೋಟರ್, ಒಂದು ತಿರುಪಿನ ಸರಳು ಸೇರಿ ಮಾಡುತ್ತವೆ.

ಈಗ ಪದಕ್ಕೆ ಬರುತ್ತೇನೆ. ಮೊದಲು ‘ಸಮತೋಲನ’ ಅಂತ ಹಾಕಿ ನೋಡಿದೆ. ‘ಸಮತೋಲನ ಮೋಟರ್ ಕೆಟ್ಟಿದೆ’. ಯಾಕೋ ಆಸ್ಪತ್ರೆಯ ರಿಪೋರ್ಟಿನ ಹಾಗಿದೆ, ಅಲ್ವಾ? ಅರ್ಥವೂ ತೀರಾ ಅಗಲ. ‘ವಾಲಿಕೆ’ ಇಷ್ಟವಾಗಿತ್ತು, ಆದರೆ ವಾಲುವುದು ಅಂದರೆ ಕಣ್ಣಿಗೆ ಬರುವುದು ಎಡಕ್ಕೋ ಬಲಕ್ಕೋ ಓಲುವುದು. ದೋಣಿ ವಾಲಿತು ಅಂದರೆ ಜನ ಹೆದರುತ್ತಾರೆ. ‘ಹದ’ ಅನ್ನುವುದು ಎಷ್ಟು ಚೆಂದದ ಮಾತು, ಮಣ್ಣಿಗೂ ಇದೆ, ಪಾಕಕ್ಕೂ ಇದೆ, ಸಜ್ಜು ಮಾಡುವ ಆ ಹಳೇ ಅರ್ಥಕ್ಕೂ ಹತ್ತಿರ. ‘ಮೂತಿಹದ’ ಅಂತ ಕಟ್ಟಿದೆ. ಅಕ್ಕ ಓದಿ, ಬ್ಯೂಟಿ ಪಾರ್ಲರ್ ಬೋರ್ಡಿನ ಹಾಗಿದೆ ಅಂದಳು. ಅಲ್ಲಿಗೆ ಅದೂ ಹೋಯಿತು.

ಬಿಡಿಭಾಗಗಳ ಹೆಸರಿನದ್ದು ಇನ್ನೊಂದು ಕಥೆ. ಮೋಟರಿನ ಮೊದಲ ಹಲ್ಲಿಗೆ ಇಂಗ್ಲಿಷಿನಲ್ಲಿ ವರ್ಮ್ ಗೇರ್ ಅನ್ನುತ್ತಾರೆ. ನಾನು ಬುದ್ಧಿವಂತಿಕೆ ತೋರಿಸಲು ‘ಹುಳು ಗೇರು’ ಅಂತ ಬರೆದೆ. ಗೇರುಬೀಜದ ಊರಿನವರಿಗೆ ಹಾಗೆ ಬರೆಯಬಹುದೇ? “ಮೋಟರಿನೊಳಗೆ ಹುಳ ಹಿಡಿದ ಗೇರುಬೀಜ ಎಂತಕ್ಕೆ?” ಅಂತ ಭಾವ ಫೋನಿನಲ್ಲೇ ನಕ್ಕರು. ಈಗ ‘ತಿರುಪಿನ ಹಲ್ಲು’ ಅಂತ ಬರೆದಿದ್ದೇನೆ, ನೋಡಿದರೆ ಗೊತ್ತಾಗುತ್ತದೆ. ಇನ್ನು ಸರಳು ಗಾಡಿಯ ಹಿಂಗೋಡೆಯಿಂದ ಹೊರಗೆ ಹೋಗುವ ಕಡೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಚೀಲ ಇದೆ, ನೀರು ಒಳಗೆ ಬರದಂತೆ ತಡೆಯುವುದು. ಅದಕ್ಕೆ ‘ತಿದಿ’ ಅಂದರೆ ಹೇಗೆ? ಕೊಲಿಮೆಯ ತಿದಿಯ ಹಾಗೇ ಮಡಚುತ್ತದೆ, ಚಾಚುತ್ತದೆ. ಆದರೆ ತಿದಿಯ ಕೆಲಸ ಗಾಳಿ ಊದುವುದು, ಇದರ ಕೆಲಸ ಬಾಯಿ ಮುಚ್ಚಿಕೊಂಡಿರುವುದು. ಗ್ಯಾರೇಜಿನವರು ಕಾರಿನ ಆಕ್ಸಲ್ಲಿಗೆ ಹಾಕುವ ಇಂಥದ್ದನ್ನು ಸುಮ್ನೆ ‘ಬೂಟು’ ಅನ್ನುತ್ತಾರೆ. ಅದೇ ಸರಿ ಅಂತ ಬಿಟ್ಟೆ.

ನನ್ನ ಗಾಡಿಯಲ್ಲಿ ಹೋಗಿದ್ದೂ ಆ ಬೂಟೇ. ಗುಂಡಿ ಒತ್ತಿದರೆ ಟಕ್ ಅನ್ನುವ ಸದ್ದು, ಅಷ್ಟೇ. ಮೊದಲು ಫ್ಯೂಸ್ ನೋಡಿದೆ, ಸರಿಯಿತ್ತು. ಸರಳನ್ನು ನಳಿಗೆಯಿಂದ ಕಳಚಿ ನಳಿಗೆಯನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿದೆ, ಆಡಿತು. ಕುಂದಾಪುರದವರಿಗೆ ಇದನ್ನು ಎರಡು ಸಲ ಒತ್ತಿ ಬರೆದಿದ್ದೇನೆ, ಯಾಕೆಂದರೆ ಉಪ್ಪುನೀರಿನಲ್ಲಿ ನಳಿಗೆಯ ಪಿನ್ನೇ ಕಚ್ಚಿಕೊಂಡಿರಬಹುದು, ಆಗ ಮೋಟರನ್ನು ಬೈದು ಏನೂ ಪ್ರಯೋಜನವಿಲ್ಲ. ಆಮೇಲೆ ಮೋಟರಿನ ಎರಡು ವೈರು ಬಿಚ್ಚಿ ನೇರ ಬ್ಯಾಟರಿಗೆ ಮುಟ್ಟಿಸಿದೆ. ತಿರುಗಿದರೆ ತಪ್ಪು ಗುಂಡಿಯದ್ದೋ ಕಂಟ್ರೋಲ್ ಡಬ್ಬಿಯದ್ದೋ ಆಗಿರುತ್ತಿತ್ತು. ವೈರು ಅದಲುಬದಲು ಮಾಡಿದರೆ ಉಲ್ಟಾ ತಿರುಗಬೇಕು. ಎರಡು ಕಡೆಗೂ ಕದಲಲಿಲ್ಲ. (ತಿರುಗುವ ಮೋಟರಾದರೆ ಮುಟ್ಟಿಸಿ ತೆಗೆಯಬೇಕು, ಹಿಡಿದುಕೊಂಡೇ ಇದ್ದರೆ ಸರಳು ಕೊನೆಗೆ ಹೋಗಿ ಗುದ್ದುತ್ತದೆ.) ಬಿಚ್ಚಿ ಬಗ್ಗಿಸಿದರೆ ಎರಡು ಚಮಚ ತುಕ್ಕುನೀರು ಸುರಿಯಿತು, ಥೇಟ್ ಫಿಲ್ಟರ್ ಡಿಕಾಕ್ಷನ್. ಬೂಟಿನಲ್ಲಿ ಉಗುರಿನಷ್ಟು ಸೀಳು. ಆ ನೀರು ನಿಧಾನವಾಗಿ ಒಳಗೆ ಹೋಗಿ ಬ್ರಷ್ಷುಗಳು, ಅಂದರೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡುಗಳು, ಗೂಡಿನಲ್ಲೇ ಅಂಟಿಕೊಂಡಿದ್ದವು.

ಈ ಬ್ರಷ್ ಅನ್ನುವುದಕ್ಕೆ ನಾನು ನಿಘಂಟು ತೆಗೆಯಲೇ ಇಲ್ಲ. ಮಿಕ್ಸಿ ರಿಪೇರಿಯವನು ‘ಕಾರ್ಬನ್ ಹೋಗಿದೆ’ ಅನ್ನುತ್ತಾನೆ, ಎಲ್ಲ ಮನೆಯವರಿಗೂ ಗೊತ್ತಿರುವ ಮಾತು. ‘ಕಾರ್ಬನ್ ಅಂಟಿಕೊಂಡಿದೆ, ತೆಗೆದು ಬೇರೆ ಹಾಕಿ’ ಅಂತ ಬರೆದೆ. ಈ ಸಾಲಿಗೆ ಭಾವ ಏನೂ ಕೇಳಲಿಲ್ಲ. ಮಿಕ್ಸಿಯ ಕನ್ನಡ ಕಡಲಿಗೂ ಸಾಕಾಯಿತು.

ಜೆಟ್ ಸ್ಕೀ ಅನ್ನುವ ಹೆಸರೂ ಹಾಗೇ ಬಂದದ್ದು. ಅದು ಕವಾಸಕಿ ಕಂಪನಿಯ ಟ್ರೇಡ್‌ಮಾರ್ಕು, 1970ರ ದಶಕದ್ದು. ಕೆನಡಾದ ಬೊಂಬಾರ್ಡಿಯರ್ 1968ರಲ್ಲೇ ಸೀ-ಡೂ ಅಂತ ಒಂದನ್ನು ತಂದು, ನಿಲ್ಲಿಸಿ, 1988ರಲ್ಲಿ ಮತ್ತೆ ಶುರು ಮಾಡಿತು. ಆದರೂ ಪಣಂಬೂರಿನಲ್ಲೋ ಮಲ್ಪೆಯಲ್ಲೋ ಯಾವ ಕಂಪನಿಯದಿದ್ದರೂ ಜೆಟ್ ಸ್ಕೀಯೇ, ಜೆರಾಕ್ಸ್ ಇದ್ದ ಹಾಗೆ. ಇದಕ್ಕೆ ಹೊಸ ಪದ ಕಟ್ಟುವ ಹಟ ನನಗಿಲ್ಲ.

ಟ್ರಿಮ್ ಮಾತ್ರ ಬಿಡಲಿಲ್ಲ. ಯಾಕೆಂದರೆ ಇದು ನಮಗೆ ಗೊತ್ತಿಲ್ಲದ ವಿಷಯವಲ್ಲ. ಮಂಡ್ಯ ಕಡೆಯ ನಮ್ಮೂರಿನಲ್ಲಿ ತಾತ ಎತ್ತಿನ ಗಾಡಿಗೆ ಕಬ್ಬು ಹೇರಿಸುವಾಗ ನೊಗದ ಹತ್ತಿರವೇ ನಿಂತಿರುತ್ತಿದ್ದರು. ಹೊರೆ ಮುಂದಕ್ಕೆ ಜಾಸ್ತಿಯಾದರೆ “ಮೂಕಿ ಭಾರ ಆಯ್ತು ಕಣ್ರೋ, ಹಿಂದಕ್ಕೆ ಎಳೀರಿ” ಅನ್ನುತ್ತಿದ್ದರು. ಮೂಕಿ ಅಂದರೆ ಗಾಡಿಯಿಂದ ಮುಂದಕ್ಕೆ ಚಾಚಿ ನೊಗ ಹೊರುವ ಮರ. ಅದು ಭಾರವಾದರೆ ಎತ್ತಿನ ಹೆಗಲು ಹೋಗುತ್ತದೆ. ಹಿಂದೆ ಜಾಸ್ತಿಯಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ದಾರಿಯಲ್ಲಿ ಏರು ಬಂದರೆ ತಾತ ಮುಂದಕ್ಕೆ ಜರುಗಿ ಕೂರುತ್ತಿದ್ದರು, ಇಳಿಜಾರಿನಲ್ಲಿ ಹಿಂದಕ್ಕೆ. ನಿಂತು ಓಡಿಸುವ ಹಳೇ ಜೆಟ್ ಸ್ಕೀಗಳಲ್ಲಿ ಮೋಟರ್ ಟ್ರಿಮ್ ಇರಲಿಲ್ಲ, ಸವಾರ ಮೈಯನ್ನು ಮುಂದೆ ಹಿಂದೆ ಮಾಡಿಯೇ ಮೂತಿ ಸರಿ ಮಾಡುತ್ತಿದ್ದ. ತಾತ ಮಾಡುತ್ತಿದ್ದದ್ದು ಇದನ್ನೇ ಅಲ್ವಾ?

ಆದರೆ ‘ಮೂಕಿ’ ಅಂತ ಕುಂದಾಪುರದ ಹುಡುಗರಿಗೆ ಬರೆದರೆ ಮತ್ತೊಂದು ಗೇರುಬೀಜ ಆಗಬಹುದು. ದೋಣಿಗೆ ಮೂಕಿ ಇಲ್ಲ. ಆಗ ಭಾವನ ಮೊದಲ ಫೋನು ನೆನಪಾಯಿತು. ಅವರು ಟ್ರಿಮ್ ಅನ್ನಲೇ ಇಲ್ಲ, “ಮೂತಿ ಎತ್ಕಂಡೇ ನಿಂತಿದೆ” ಅಂದಿದ್ದರು. ನಾನು ಎರಡು ವಾರದಿಂದ ನಾಮಪದ ಹುಡುಕುತ್ತಿದ್ದೆ, ಅವರು ಕ್ರಿಯಾಪದದಲ್ಲಿ ಮುಗಿಸಿದ್ದರು. ಹಾಗಾಗಿ ಕಳಿಸಿದ ಬರಹದಲ್ಲಿ ಈಗ ‘ಮೂತಿ ಎತ್ತುವ ಮೋಟರ್’, ‘ಮೂತಿ ಎತ್ತು’, ‘ಮೂತಿ ಇಳಿಸು’ ಅಂತಲೇ ಇದೆ. ನಳಿಗೆ ಎದ್ದರೆ ಮೂತಿಯೂ ಏಳುವುದರಿಂದ ಗುಂಡಿಯ ಮೇಲಿನ ಬಾಣದ ಗುರುತಿಗೂ ಗೊಂದಲವಿಲ್ಲ.

ಆದರೂ ಎರಡು ಪ್ರಶ್ನೆ ಉಳಿದಿವೆ. ಕರಾವಳಿಯವರು ದಯವಿಟ್ಟು ಹೇಳಿ: ಔಟ್‌ಬೋರ್ಡ್ ಇಂಜಿನ್ ಹಾಕಿದ ನಾಡದೋಣಿ ಮುಂದೆ ಜಾಸ್ತಿ ಎದ್ದರೆ, ಬಲೆ ಐಸು ಎಲ್ಲ ಹಿಂದಿಟ್ಟಾಗ ಆಗುವ ಹಾಗೆ, ಮೀನುಗಾರರು ಏನನ್ನುತ್ತಾರೆ? ತುಳುವಿನದ್ದಾದರೂ ಸರಿ, ಕೊಂಕಣಿಯದ್ದಾದರೂ ಸರಿ. ಇನ್ನೊಂದು ಬಯಲುಸೀಮೆಯವರಿಗೆ. ‘ಮೂಕಿ ಭಾರ’ದ ಎದುರು ಮಾತು ನಮ್ಮೂರಲ್ಲಿ ‘ಹಿಂಭಾರ’. ಉತ್ತರ ಕರ್ನಾಟಕದ ಚಕ್ಕಡಿಗೆ ಹೊರೆ ಹೇರುವಾಗ ಈ ಎರಡಕ್ಕೂ ಏನು ಹೇಳುತ್ತೀರಿ? ಮುಂದೂ ಹಿಂದೂ ಸರಿಯಾಗಿ ಕೂತಾಗ ಹೇಳುವ ಮಾತೊಂದು ಇದ್ದರೆ ನನಗೆ ಬೇಕಾದದ್ದು ಅದೇ.